ವಯಸ್ಸಿನ ಬಗ್ಗೆ ತಕರಾರು ಎತ್ತುವುದು ಕ್ರೀಡಾ ಮನೋಭಾವಕ್ಕೆ ವಿರುದ್ಧವೇ?

ಮಂಡ್ಯ ತಾಲ್ಲೂಕು ಮಟ್ಟದ ಪ್ರೌಢಶಾಲಾ ಕಬಡ್ಡಿಯಲ್ಲಿ ಎದುರಾಳಿ ತಂಡದಲ್ಲಿ ವಯಸ್ಸು ಮೀರಿದವರಿದ್ದರೆಂಬ ಅನುಮಾನವನ್ನು ಹೇಳಿಕೊಳ್ಳುವುದು ಸರಿಯೇ ಎಂದು ಕೇಳಿದ್ದೀರಿ.

ಖಂಡಿತ ಸರಿ, ಆದರೆ ಕೇಳುವ ಹೊತ್ತು ಮತ್ತು ರೀತಿ ಮುಖ್ಯ. ಪ್ರೌಢಶಾಲೆಯ ಮಕ್ಕಳು ಸಾಮಾನ್ಯವಾಗಿ 17 ವರ್ಷದೊಳಗಿನವರ ವಿಭಾಗದಲ್ಲಿ ಆಡುತ್ತಾರೆ. ಮೈಗೆ ಮೈ ತಾಗುವ ಕಬಡ್ಡಿಯಲ್ಲಿ, ಹದಿನಾಲ್ಕರ ಹುಡುಗನೊಬ್ಬ ಹತ್ತೊಂಬತ್ತರವನ ಕಾಲು ಹಿಡಿಯಲು ಹೋದರೆ ಅಂಕ ಹೋಗುವುದಷ್ಟೇ ಅಲ್ಲ, ಮೂಳೆಯೂ ಮುರಿಯಬಹುದು. ಆದ್ದರಿಂದ ವಯೋಮಿತಿ ನ್ಯಾಯದ ಪ್ರಶ್ನೆಯಾಗಿರುವಂತೆಯೇ ಸುರಕ್ಷತೆಯ ಪ್ರಶ್ನೆಯೂ ಹೌದು. ದಾಖಲಾತಿ ವಹಿಯಲ್ಲಿರುವ ಜನ್ಮದಿನಾಂಕವನ್ನು ಮುಖ್ಯೋಪಾಧ್ಯಾಯರು ದೃಢೀಕರಿಸಿರುತ್ತಾರಾದ್ದರಿಂದ, ಅನುಮಾನವಿದ್ದರೆ ನಿಮ್ಮ ದೈಹಿಕ ಶಿಕ್ಷಣ ಶಿಕ್ಷಕರು ಪಂದ್ಯಕ್ಕೆ ಮೊದಲೇ ಸಂಘಟಕರಿಗೆ ಲಿಖಿತವಾಗಿ ತಿಳಿಸಿ ಅದನ್ನು ಪರಿಶೀಲಿಸುವಂತೆ ಕೋರಬೇಕು. ಸೋತ ಮೇಲೆ ಅಂಗಳದ ಅಂಚಿನಲ್ಲಿ ನಿಂತು ಆ ಹುಡುಗನ ಮೀಸೆ ತೋರಿಸಿ ಕೂಗಾಡುವುದು ದೂರಲ್ಲ, ಅವಮಾನ. ಮೀಸೆ ಬೇಗ ಬರುವ ಮಕ್ಕಳೂ ಇದ್ದಾರೆ! ಬಿಸಿಸಿಐ ಕಿರಿಯರ ಕ್ರಿಕೆಟ್‌ನಲ್ಲಿ ಮಣಿಕಟ್ಟಿನ ಎಕ್ಸ್-ರೇ ಮೂಲಕ ಮೂಳೆಯ ವಯಸ್ಸನ್ನು ಅಂದಾಜಿಸುತ್ತದೆಯಾದರೂ ಅದೂ ಅಂದಾಜೇ.

ಕ್ರೀಡಾ ಮನೋಭಾವ ಕಾಣಬೇಕಾದದ್ದು ಆಟದೊಳಗೆ. ಯಾರನ್ನೂ ಮುಟ್ಟುವ ಮೊದಲೇ ದಾಳಿಗಾರನ ಕಾಲು ಲಾಬಿಗೆ (ಅಂಗಳದ ಎರಡೂ ಪಕ್ಕದ ಪಟ್ಟಿಗೆ; ಹಾಗಾದರೆ ಆತ ಔಟ್) ಬಿದ್ದು, ಅದು ಅಂಪೈರ್ ಕಣ್ಣಿಗೆ ಬೀಳದಿದ್ದಾಗ, ಆತ ತಾನಾಗಿಯೇ ಕೈಯೆತ್ತಿ ಹೊರನಡೆಯುವುದುಂಟು. ಅಂಥವನನ್ನು ಬೈಯುವ ತರಬೇತುದಾರರನ್ನೂ ನಮ್ಮ ಹೋಬಳಿ ಪಂದ್ಯಗಳಲ್ಲಿ ಕಂಡಿದ್ದೇನೆ. ಆ ಬೈಗುಳವೇ ಮುಂದೆ ಸುಳ್ಳು ಜನ್ಮದಿನಾಂಕಕ್ಕೂ ದಾರಿ ಮಾಡಿಕೊಡುತ್ತದೆ ಎಂಬುದು ನನ್ನ ಅನಿಸಿಕೆ.