ಚುಕ್ಕೆ ಇದ್ದರೆ ಮಂತ್ರಿ ಏಳಬೇಕು

ಪ್ರಶ್ನೆ: ಲೋಕಸಭೆಯಲ್ಲಿ ‘ಚುಕ್ಕೆ ಗುರುತಿನ ಪ್ರಶ್ನೆ’ ಅಂದರೇನು? ಅಧಿಕಾರಿಗಳು ಬರೆದುಕೊಟ್ಟಿದ್ದನ್ನು ಮಂತ್ರಿ ಸುಮ್ನೆ ಓದುವುದಾದರೆ ಏನು ಲಾಭ?

ಉತ್ತರ: ನಾನೂ ಮೊದಲು ಹೀಗೇ ಗೊಣಗುತ್ತಿದ್ದೆ. ಚುಕ್ಕೆ ಇದ್ದರೆ ಮಂತ್ರಿ ಸದನದಲ್ಲೇ ಎದ್ದು ಉತ್ತರ ಹೇಳಬೇಕು. ಇಲ್ಲದಿದ್ದರೆ ಲಿಖಿತ ಉತ್ತರ ಸಾಕು. ದಿನಕ್ಕೆ ಚುಕ್ಕೆಯವು 20, ಚುಕ್ಕೆ ಇಲ್ಲದವು 230.

ನಾನು ಟಿವಿ ಮುಂದೆ ಕೂರುವುದು ಉಪಪ್ರಶ್ನೆಗಾಗಿ, ಅಂದರೆ ಮಂತ್ರಿಯ ಉತ್ತರ ಕೇಳಿದ ಮೇಲೆ ಸದಸ್ಯರು ಅದರ ಬಗ್ಗೆಯೇ ಮತ್ತೆ ಕೇಳುವ ಪ್ರಶ್ನೆಗಾಗಿ. ಮೂಲ ಪ್ರಶ್ನೆಗೆ ಕನಿಷ್ಠ 15 ದಿನ ಮೊದಲೇ ನೋಟಿಸ್ ಹೋಗಿರುತ್ತದೆ, ಉತ್ತರವೂ ರೆಡಿ. ಉಪಪ್ರಶ್ನೆ ಹಾಗಲ್ಲ, ಅಲ್ಲೇ ಹುಟ್ಟುತ್ತದೆ. ಖಾತೆ ಓದಿಕೊಳ್ಳದ ಮಂತ್ರಿ ಆಗ ಸಿಕ್ಕಿಬೀಳುತ್ತಾರೆ. ‘ಮಾಹಿತಿ ತರಿಸಿಕೊಡುತ್ತೇನೆ’ ಎಂದರೆ ಅರ್ಥವಾಯಿತಲ್ವಾ?

1957ರಲ್ಲಿ ಫಿರೋಜ್ ಗಾಂಧಿ, ಎಲ್‌ಐಸಿ ಹಣ ಉದ್ಯಮಿ ಹರಿದಾಸ್ ಮುಂದ್ರಾ ಅವರ ಕಂಪನಿಗಳ ಷೇರಿಗೆ ಹೋದದ್ದೇಕೆ ಎಂದು ಸದನದಲ್ಲಿ ಬೆನ್ನುಹತ್ತಿದರು. ಅವರು ಆಡಳಿತ ಪಕ್ಷದವರೇ, ಮೇಲಾಗಿ ಪ್ರಧಾನಿಯ ಅಳಿಯ! ತನಿಖಾ ಆಯೋಗ ಕೂತಿತು. 1958ರಲ್ಲಿ ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು.

ಆದರೆ ಗದ್ದಲವಾದರೆ ಬೆಳಗ್ಗೆ 11ರಿಂದ ಪ್ರಶ್ನೆಗಳಿಗೆಂದೇ ಸಿಗುವ ಒಂದು ಗಂಟೆಯೂ ಹೋಯಿತು. ಆಗ ಚುಕ್ಕೆ ಇದ್ದರೂ ಲಿಖಿತ ಉತ್ತರವೇ ಗತಿ. ಮಂತ್ರಿಗಳಿಗೆ ಅದೇ ಜಾಸ್ತಿ ಆರಾಮ ಅಂತ ನನ್ನ ಅನುಮಾನ.