ತ್ರಿಭುಜದ ಒಳಕೋನಗಳ ಮೊತ್ತ 220° ಬರುತ್ತಿದೆ: ಪ್ರತಿಕ್ರಿಯೆ
ನೀವು ಅಳೆದ ತ್ರಿಭುಜದ ಮೂರು ಕೋನಗಳು 50°, 60°, 110° ಸೇರಿ, 180° ಬರಬೇಕಾದಲ್ಲಿ 220° ಬಂದಿದೆ ಅಂದರೆ ಬಹುತೇಕ ಕೋನಮಾಪಕದ ತಪ್ಪು ಸಾಲಿನ ಅಂಕಿ ಓದಿದ್ದೀರಿ. ಒಳಗೊಂದು, ಹೊರಗೊಂದು ಸಾಲು ಇರುತ್ತದಲ್ಲ, 70° ಇರುವಲ್ಲೇ ಇನ್ನೊಂದರಲ್ಲಿ 110° ಅಂತಿರುತ್ತದೆ. ಮೊದಲು ಆ 110° ಅಂದುಕೊಂಡ ಕೋನವನ್ನು ಸುಮ್ಮನೆ ಕಣ್ಣಲ್ಲೇ ನೋಡಿ: ಪುಸ್ತಕದ ಮೂಲೆಗಿಂತ ಕಿರಿದಾಗಿದ್ದರೆ ಅದು 110° ಆಗಲು ಸಾಧ್ಯವೇ ಇಲ್ಲ. ಆಮೇಲೆ ಕೋನಮಾಪಕದ ನಡುಬಿಂದುವನ್ನು ಶೃಂಗದ (ಎರಡು ಬಾಹುಗಳು ಸೇರುವ ಬಿಂದುವಿನ) ಮೇಲಿಟ್ಟು, ಬುಡದ ಗೆರೆಯನ್ನು ಒಂದು ಬಾಹುವಿಗೆ ಹೊಂದಿಸಿ. ಆ ಬಾಹು ಯಾವ ಸಾಲಿನ 0 ಮೇಲೆ ಬೀಳುತ್ತದೋ ಅದೇ ಸಾಲಿನಲ್ಲಿ ಎಣಿಸುತ್ತಾ ಹೋಗಿ. ಬಾಹು ಚಿಕ್ಕದಿದ್ದರೆ ಸ್ಕೇಲಿಟ್ಟು ಉದ್ದ ಮಾಡಿಕೊಳ್ಳಿ. 70° ಬಂದರೆ ಮೊತ್ತ ಸರಿಯಾಗಿ 180°.

ಚಿತ್ರ ನೋಡದೆ ಖಚಿತವಾಗಿ ಹೇಳಲಾರೆ. ಆ ಕೋನ ನಿಜಕ್ಕೂ ವಿಶಾಲಕೋನವೇ (90°ಗಿಂತ ದೊಡ್ಡದೇ) ಆಗಿದ್ದರೆ ಉಳಿದೆರಡನ್ನೂ ಮತ್ತೆ ಅಳೆಯಿರಿ. ಮೊತ್ತ 179°, 181° ಬಂದರೆ ತಲೆಕೆಡಿಸಿಕೊಳ್ಳಬೇಡಿ, ಅದು ಪೆನ್ಸಿಲ್ ಗೆರೆಯ ದಪ್ಪ ಅಷ್ಟೆ.