‘ಕೂಳು’ ಪದ ಹುಡುಕಿದ ದಿನ

ಬದುಕಿಡೀ ಒಂದೇ ಕೆಲಸಕ್ಕೆ ಅಂಟಿಕೊಂಡ ಯಾವ ಸಾಹಿತಿ ನಿಮಗೆ ಇಷ್ಟ, ಯಾಕೆ ಅಂತ ಕೇಳಿದ್ದೀರಿ. ನನಗೆ ಜಿ. ವೆಂಕಟಸುಬ್ಬಯ್ಯನವರು. ಕವಿಯದೋ ಕಾದಂಬರಿಕಾರರದೋ ಹೆಸರು ಬರುತ್ತದೆ ಅಂದುಕೊಂಡಿರಬಹುದು. ಇವರು ನಿಘಂಟು ಮಾಡಿದವರು.

ನಾನು ಚಾಮರಾಜಪೇಟೆಯ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತೇನೆ. ಒಮ್ಮೆ ಒಂದು ಕಥೆಯಲ್ಲಿ ‘ಕೂಳು’ ಅನ್ನುವ ಪದ ಬಂತು. ಈಗ ನಾವು ಅದನ್ನು ಆಡುವುದೇ ಬೈಯುವಾಗ, ಅಲ್ವಾ? ಒರಟಾಯಿತು ಅನ್ನಿಸಿ, ‘ಊಟ’ ಅಂದರೆ ಆಗದೇ ಅಂತ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದೆ. ಆಮೇಲೆ ಸಂಶಯ ಬಂದು ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟು ತೆಗೆದೆ. ಹಳಗನ್ನಡದಲ್ಲಿ ಅದು ಕೂೞ್. ಅನ್ನ, ಆಹಾರ, ಅಷ್ಟೇ. ಅದರಲ್ಲಿ ತಿರಸ್ಕಾರವೇ ಇರಲಿಲ್ಲ. ಗುರುತು ಅಳಿಸಿದೆ.

ಆ ನಿಘಂಟು 8 ಸಂಪುಟ. ಕೆಲಸ ಶುರುವಾಗಿದ್ದು 1940ರ ದಶಕದಲ್ಲಿ. ಮೊದಲ ಸಂಪುಟ ಬಂದಿದ್ದು 1970ರಲ್ಲಿ, ಕೊನೆಯದು 1995ರಲ್ಲಿ. ಸುಮ್ನೆ ಪದದ ಮುಂದೆ ಅರ್ಥ ಬರೆದರೆ ಇಷ್ಟು ವರ್ಷ ಬೇಕಿರಲಿಲ್ಲ. ಶಾಸನ, ಕಾವ್ಯಗಳನ್ನೆಲ್ಲ ಓದಿ, ಪದ ಬಂದಿರುವ ಸಾಲುಗಳನ್ನು ಆರಿಸಿ, ಆ ಸಾಲುಗಳಿಂದಲೇ ಅರ್ಥ ಹಿಡಿಯಬೇಕು. ಒಬ್ಬರಿಂದ ಆಗುವ ಕೆಲಸವಲ್ಲ, ದೊಡ್ಡ ಬಳಗವೇ ದುಡಿದಿದೆ. ಪ್ರಧಾನ ಸಂಪಾದಕರಾಗಿ ದಶಕಗಳ ಕಾಲ ಅದರ ಬೆನ್ನು ಬಿಡದವರು ಇವರು.

ಜನ ಅವರನ್ನು ‘ನಡೆದಾಡುವ ನಿಘಂಟು’ ಅನ್ನುತ್ತಿದ್ದರು. ನನಗೆ ಆ ಹೆಸರು ಅಷ್ಟಾಗಿ ಒಗ್ಗುವುದಿಲ್ಲ. ಎಲ್ಲವೂ ಬಾಯಿಪಾಠ ಇತ್ತು ಅನ್ನುವ ಹಾಗೆ ಕೇಳಿಸುತ್ತದೆ. ಹುಡುಕಿದ ಶ್ರಮ ಅದರಲ್ಲಿ ಕಾಣುವುದೇ ಇಲ್ಲ.

ನನಗೆ ಜಾಸ್ತಿ ಹಿಡಿಸಿದ್ದು ಮಾತ್ರ ಇನ್ನೊಂದು. 1991ರಲ್ಲಿ ಪ್ರಜಾವಾಣಿಯಲ್ಲಿ ‘ಇಗೋ ಕನ್ನಡ’ ಅಂಕಣ ಶುರು ಮಾಡಿದರು. ಆಗ ಅವರಿಗೆ ಎಪ್ಪತ್ತೇಳು ದಾಟಿತ್ತು. ನಿಘಂಟಿನ ಕೊನೆಯ ಸಂಪುಟ ಇನ್ನೂ ಹೊರಬಂದಿರಲಿಲ್ಲ. ಅಂಥ ಹೊತ್ತಿನಲ್ಲಿ ಯಾರೋ ಓದುಗರು ಈ ಪದ ಸರಿಯೇ, ಆ ಗಾದೆಯ ಅರ್ಥವೇನು ಅಂತ ಕೇಳಿದರೆ ಕೂತು ಉತ್ತರ ಬರೆಯುತ್ತಿದ್ದರು. ವಿದ್ವಾಂಸರಿಗೆ ಕೊಟ್ಟ ಗಮನವನ್ನೇ ಅವರಿಗೂ ಕೊಟ್ಟರು. ನಮ್ಮಪ್ಪ ಆ ಅಂಕಣ ಕತ್ತರಿಸಿ ಹಳೇ ಡೈರಿಯಲ್ಲಿ ಅಂಟಿಸುತ್ತಿದ್ದರು. ನಾನು ಈ ಕೆಲಸಕ್ಕೆ ಬಂದಿದ್ದೇ ಆ ಡೈರಿ ಓದಿ ಓದಿ.

2021ರ ಏಪ್ರಿಲ್‌ನಲ್ಲಿ ಇಲ್ಲೇ ಬೆಂಗಳೂರಿನಲ್ಲಿ ತೀರಿಕೊಂಡರು. 107 ವರ್ಷ ಆಗಿತ್ತು.

ಯಾವುದಾದರೂ ಲೈಬ್ರರಿಯಲ್ಲಿ ಆ ಸಂಪುಟಗಳು ಸಿಕ್ಕರೆ, ನಿಮ್ಮಜ್ಜಿ ಆಡುತ್ತಿದ್ದ ಒಂದು ಪದ ಹುಡುಕಿ ನೋಡಿ. ಅರ್ಥ ಓದಿ ಮುಚ್ಚಿಡಬೇಡಿ, ಕೆಳಗಿರುವ ಸಾಲುಗಳನ್ನೂ ಓದಿ.